ಎತ್ತರದ ಕಡತ: ಒಂಬತ್ತನೇ ತರಗತಿಯ ಮೂರು ಅವಧಿಗಳು

ಗಣಿತದ ತರಗತಿಯಲ್ಲಿ ನಾವು ಮಕ್ಕಳ ಮುಂದೆ ಇಡುವ ದತ್ತಾಂಶ ಬಹುಮಟ್ಟಿಗೆ ಬಡಿಸಿಟ್ಟ ಅನ್ನದ ಹಾಗಿರುತ್ತದೆ. ಕೋಷ್ಟಕ ಸಿದ್ಧ, ಶೀರ್ಷಿಕೆ ಸಿದ್ಧ, ಏಕಮಾನ ಸಿದ್ಧ. ಮಕ್ಕಳು ಸರಾಸರಿ ಕಂಡುಹಿಡಿಯುತ್ತಾರೆ, ನಕ್ಷೆ ಬಿಡಿಸುತ್ತಾರೆ, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಅಕ್ಕಿ ಎಲ್ಲಿಂದ ಬಂತು, ಕಲ್ಲು ಆರಿಸಿದವರು ಯಾರು ಎಂಬುದು ತಟ್ಟೆಯಲ್ಲಿ ಕಾಣುವುದಿಲ್ಲ. ಬೋಧನಾಭ್ಯಾಸದ ಅವಧಿಯಲ್ಲಿ ಒಮ್ಮೆಯಾದರೂ ಮಕ್ಕಳಿಗೆ ಅಕ್ಕಿಯನ್ನೇ ಕೊಡಬೇಕು ಎಂದುಕೊಂಡು ನಾನು ಆರಿಸಿಕೊಂಡದ್ದು ಒಂದು ಬೈನರಿ ಕಡತ. ಅದನ್ನು ಪೈಥಾನ್ ಭಾಷೆಯ ಹತ್ತಿಪ್ಪತ್ತು ಸಾಲುಗಳ ಸ್ಕ್ರಿಪ್ಟ್‌ನಿಂದ ಓದಿ, ಕೋಷ್ಟಕವಾಗಿ ಪರಿವರ್ತಿಸಿದ ಮೂರು ಅವಧಿಗಳ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಡತದ ಪರಿಚಯ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ಕಾಲ ಭೂಮಿಯನ್ನು ಸುತ್ತುತ್ತಾ ರಾಡಾರ್ ಮೂಲಕ ನೆಲದ ಎತ್ತರವನ್ನು ಅಳೆಯಿತು. ಒಂದು ಆಂಟೆನಾ ನೌಕೆಯಲ್ಲಿ, ಇನ್ನೊಂದು ನೌಕೆಯಿಂದ ಹೊರಚಾಚಿದ 60 ಮೀಟರ್ ಉದ್ದದ ಕಂಬದ ತುದಿಯಲ್ಲಿ. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜು ಮಾಡುವಂತೆ ಈ ಎರಡು ಆಂಟೆನಾಗಳು ಎತ್ತರವನ್ನು ಲೆಕ್ಕ ಹಾಕಿದವು. ಹೀಗೆ ಸಿಕ್ಕ ದತ್ತಾಂಶಕ್ಕೆ ಎಸ್‌ಆರ್‌ಟಿಎಂ ಎಂದು ಹೆಸರು. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ಒಂದೊಂದು ಚೌಕಕ್ಕೂ ಒಂದೊಂದು ಕಡತ. ನಾನು ಪೆನ್‌ಡ್ರೈವ್‌ನಲ್ಲಿ ಒಯ್ದದ್ದು ಉತ್ತರ ಅಕ್ಷಾಂಶ 13ರಿಂದ 14, ಪೂರ್ವ ರೇಖಾಂಶ 75ರಿಂದ 76ರವರೆಗಿನ ಚೌಕ. ಶಿವಮೊಗ್ಗ, ಆಗುಂಬೆ, ಶೃಂಗೇರಿ, ಕುದುರೆಮುಖ, ಮುಳ್ಳಯ್ಯನಗಿರಿ, ಚಿಕ್ಕಮಗಳೂರು ಎಲ್ಲವೂ ಅದರೊಳಗೇ ಇವೆ. ನನಗೆ ಬೋಧನಾಭ್ಯಾಸಕ್ಕೆ ಸಿಕ್ಕ ಮೂಡಿಗೆರೆ ಸೀಮೆಯ ಪ್ರೌಢಶಾಲೆಯೂ ಅದರೊಳಗೇ ಇದೆ.

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಹತ್ತು ಯಂತ್ರಗಳು, ಚಾಲ್ತಿಯಲ್ಲಿದ್ದವು ಆರು. ತರಗತಿಯಲ್ಲಿ 36 ಮಕ್ಕಳು. ಆರು ಜನರ ಆರು ಗುಂಪು ಮಾಡಿದೆವು. ಯೋಜನೆ ಕೇಳಿದ ಮಾರ್ಗದರ್ಶಕ ಶಿಕ್ಷಕರು ಒಂದು ನ್ಯಾಯವಾದ ಪ್ರಶ್ನೆ ಕೇಳಿದರು: "ನೋಡಮ್ಮ, ಇದೇ ಸಂಖ್ಯೆಗಳನ್ನ ಸಿದ್ಧ ಕೋಷ್ಟಕವಾಗಿ ಕೊಟ್ಟರೆ ನಲವತ್ತು ನಿಮಿಷದಲ್ಲಿ ಪಾಠ ಮುಗಿಯುತ್ತೆ. ಇದಕ್ಕೆ ಮೂರು ಅವಧಿ ಯಾಕೆ? ಪರೀಕ್ಷೆಗೆ ಇದು ಬರಲ್ಲವಲ್ಲ?" ಆಗ ನನ್ನ ಹತ್ತಿರ ಪಾಠಯೋಜನೆ ಇತ್ತು, ಪೂರ್ಣ ಉತ್ತರ ಇರಲಿಲ್ಲ. "ಮೂರೂ ಅವಧಿಗಳಿಗೆ ನೀವು ಬಂದು ಕುಳಿತುಕೊಳ್ಳಿ ಸರ್" ಎಂದು ಕೇಳಿಕೊಂಡೆ. ಅವರು ಬಂದರು.

ಮೊದಲ ಅವಧಿ: ಕಡತದ ತೂಕ

ಮೊದಲಿಗೆ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಲು ಹೇಳಿದೆ. ಪರದೆಯ ತುಂಬ ಚೌಕ, ಚುಕ್ಕೆ, ಅರ್ಥವಿಲ್ಲದ ಅಕ್ಷರಗಳು. "ಫೈಲ್ ಕೆಟ್ಟೋಗಿದೆ ಮಿಸ್" ಎಂಬ ಕೂಗು ಎರಡು ಗುಂಪುಗಳಿಂದ ಬಂತು. ಕೆಟ್ಟಿಲ್ಲ, ಇದು ಓದಲು ಬರೆದ ಪಠ್ಯವಲ್ಲ, ಇದನ್ನು ಎಣಿಸಬೇಕು ಎಂದೆ. ಕಡತದ ಗಾತ್ರ ನೋಡಿಸಿದೆ: 28,84,802 ಬೈಟ್. ಈ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಕಡತದ ಬಗ್ಗೆ ಎರಡೇ ಮಾತು ಹೇಳಿದೆ. ಈ ಚೌಕದ ಪ್ರತಿ ಅಂಚಿನಲ್ಲೂ ಸುಮಾರು 90 ಮೀಟರಿಗೊಂದರಂತೆ 1201 ಬಿಂದುಗಳಿವೆ. ಪ್ರತಿ ಬಿಂದುವಿಗೂ ಒಂದು ಎತ್ತರವಿದೆ. ಹಾಗಾದರೆ ಒಂದು ಎತ್ತರ ಬರೆಯಲು ಎಷ್ಟು ಬೈಟ್ ಬಳಸಿದ್ದಾರೆ?

1201ನ್ನು 1201ರಿಂದ ಗುಣಿಸಿದರೆ 14,42,401. ಎರಡರಿಂದ ಗುಣಿಸಿದರೆ ಸರಿಯಾಗಿ 28,84,802. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕ್ಯಾಲ್ಕ್ಯುಲೇಟರ್ ಕೊಡದೆ ಈ ಗುಣಾಕಾರ ಮಾಡಿಸಿದ್ದರಿಂದ ಹತ್ತು ನಿಮಿಷ ಹೋಯಿತು. ಆದರೆ ಉತ್ತರ ಹೊಂದಿದಾಗ ಆದ ಗದ್ದಲವನ್ನು ನಾನು ಬೇರೆ ಯಾವ ಗುಣಾಕಾರಕ್ಕೂ ಕಂಡಿರಲಿಲ್ಲ. ಹೆಸರು, ಶೀರ್ಷಿಕೆ, ಅಲ್ಪವಿರಾಮ ಏನೂ ಇಲ್ಲದ, ಬರೀ ಸಂಖ್ಯೆಗಳ ಕಡತ ಇದೆಂದು ಮಕ್ಕಳು ತಾವೇ ಕಂಡುಕೊಂಡರು. ಬೈನರಿ ಕಡತ ಓದುವವರು ಮಾಡುವ ಮೊದಲ ಪರೀಕ್ಷೆಯೂ ಇದೇ: ಗಾತ್ರ ನಾವು ನಿರೀಕ್ಷಿಸಿದ ಲೆಕ್ಕಕ್ಕೆ ಹೊಂದುತ್ತದೆಯೇ?

ಮುಂದಿನ ಪ್ರಶ್ನೆಯೂ ಗಣಿತದ್ದೇ. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ ಸಂಖ್ಯೆ ಹಿಡಿಯುತ್ತದೆ. ಬೆಟ್ಟಕ್ಕೆ ಅದು ಸಾಲದು. ಆದ್ದರಿಂದ ಎರಡು ಬೈಟ್. ನಮ್ಮ ಬಿಡಿ, ಹತ್ತುಗಳ ಬದಲು ಇಲ್ಲಿ ಬಿಡಿ ಮತ್ತು '256'ಗಳ ಸ್ಥಾನ. ಮುಳ್ಳಯ್ಯನಗಿರಿಯ 1,930 ಮೀಟರನ್ನು ಹೀಗೆ ಬರೆಯಿರಿ ಎಂದಾಗ, 256ರಿಂದ ಭಾಗಿಸಿ ಭಾಗಲಬ್ಧ 7, ಶೇಷ 138 ಎಂದು ಬರೆದರು. 7 ಮತ್ತು 138: ಎರಡು ಬೈಟ್‌ಗಳಲ್ಲಿ ಕರ್ನಾಟಕದ ಅತಿ ಎತ್ತರದ ಶಿಖರ.

ಎರಡನೇ ಅವಧಿ: ಯಾವುದು ಮೊದಲು?

ಎರಡನೇ ದಿನ ಸ್ಕ್ರಿಪ್ಟ್. ಪೈಥಾನ್‌ನಲ್ಲಿ ಕಡತವನ್ನು ಬೈನರಿ ರೀತಿಯಲ್ಲಿ ತೆರೆಯಲು 'ಆರ್‌ಬಿ' ಎಂದು ಸೂಚಿಸಬೇಕು. ಹಾಗೆ ಮಾಡದಿದ್ದರೆ ಅದು ಪಠ್ಯವೆಂದು ಭಾವಿಸಿ ಬೈಟ್‌ಗಳನ್ನು ಅಕ್ಷರಗಳಾಗಿಸಲು ಹೊರಡುತ್ತದೆ. ಆಮೇಲೆ 'ಸೀಕ್' ಆಜ್ಞೆಯಿಂದ ಬೇಕಾದ ಸ್ಥಾನಕ್ಕೆ ಹೋಗಿ, ಎರಡು ಬೈಟ್ ಓದಿ, 'ಸ್ಟ್ರಕ್ಟ್' ಎಂಬ ಮಾಡ್ಯೂಲ್‌ಗೆ ಕೊಡಬೇಕು. ಬೇಕಾದ ಸ್ಥಾನ ಯಾವುದು? ಕಡತದ ಮೊದಲ ಸಂಖ್ಯೆ ಚೌಕದ ವಾಯವ್ಯ ಮೂಲೆಯದು. ಅಲ್ಲಿಂದ ಪೂರ್ವಕ್ಕೆ ಒಂದು ಸಾಲು, ಆಮೇಲೆ ಅದರ ದಕ್ಷಿಣದ ಸಾಲು, ನಾವು ಪುಟ ಓದುವ ಹಾಗೆಯೇ. ಮುಳ್ಳಯ್ಯನಗಿರಿ ಸುಮಾರು 13.39 ಅಕ್ಷಾಂಶ, 75.72 ರೇಖಾಂಶದಲ್ಲಿದೆ. ಒಂದು ಡಿಗ್ರಿಗೆ 1200 ಹೆಜ್ಜೆಗಳಾದರೆ ಮೇಲಿನಿಂದ 732 ಹೆಜ್ಜೆ, ಎಡದಿಂದ 864 ಹೆಜ್ಜೆ. 732ನ್ನು 1201ರಿಂದ ಗುಣಿಸಿ, 864 ಕೂಡಿಸಿ, ಎರಡರಿಂದ ಗುಣಿಸಿದರೆ 17,59,992. ನಿರ್ದೇಶಾಂಕಗಳನ್ನು ಎರಡೇ ದಶಮಾಂಶಕ್ಕೆ ತೆಗೆದುಕೊಂಡದ್ದರಿಂದ ಅದರ ಸುತ್ತಲಿನ ಒಂದು ಸಣ್ಣ ಚೌಕದಲ್ಲಿ ಗರಿಷ್ಠ ಸಂಖ್ಯೆ ಹುಡುಕಲು ಹೇಳಿದೆ.

ಸ್ಕ್ರಿಪ್ಟ್‌ನಲ್ಲಿ ಒಂದೇ ಒಂದು ಚಿಹ್ನೆಯನ್ನು ಬೇಕೆಂದೇ ಬೇರೆ ಬೇರೆ ಮಾಡಿದ್ದೆ. ಮೂರು ಯಂತ್ರಗಳಲ್ಲಿ 'ದೊಡ್ಡದು' ಚಿಹ್ನೆ (>), ಇನ್ನು ಮೂರರಲ್ಲಿ 'ಚಿಕ್ಕದು' ಚಿಹ್ನೆ (<). ಮೊದಲನೆಯದಕ್ಕೆ ದೊಡ್ಡ ಸ್ಥಾನದ ಬೈಟ್ ಮೊದಲು ಬರುತ್ತದೆ ಎಂದು ಅರ್ಥ. ಎರಡನೆಯದಕ್ಕೆ ಚಿಕ್ಕ ಸ್ಥಾನದ್ದು ಮೊದಲು. ಮೂರು ಗುಂಪುಗಳಿಗೆ ಪುಸ್ತಕದ 1,930ಕ್ಕೆ ಹತ್ತಿರದ, ಅದಕ್ಕಿಂತ ಸ್ವಲ್ಪ ಕಡಿಮೆಯ ಸಂಖ್ಯೆ ಸಿಕ್ಕಿತು. ಉಳಿದ ಮೂವರ ಪರದೆಯಲ್ಲಿ ಸಾವಿರಾರು ಮೀಟರುಗಳು ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿದ್ದವು. ಕಾರಣ ಕಪ್ಪುಹಲಗೆಯ ಮೇಲೆ ಸಿಕ್ಕಿತು. 7 ಮತ್ತು 138ನ್ನು ಅದಲುಬದಲು ಮಾಡಿ, 138ನ್ನು 256ರಿಂದ ಗುಣಿಸಿ 7 ಕೂಡಿಸಿದರೆ 35,335. ಎರಡು ಬೈಟ್‌ಗಳಲ್ಲಿ ಋಣ ಸಂಖ್ಯೆಗಳಿಗೂ ಜಾಗ ಮಾಡಿರುವುದರಿಂದ 32,767ನ್ನು ದಾಟಿದ ಸಂಖ್ಯೆಯಿಂದ 65,536 ಕಳೆಯಬೇಕು. ಉತ್ತರ −30,201. ಜಗತ್ತಿನ ಅತಿ ಆಳದ ಸಾಗರ ತಗ್ಗು ಸುಮಾರು 11 ಕಿಲೋಮೀಟರ್. ನಮ್ಮ ಮುಳ್ಳಯ್ಯನಗಿರಿ 30 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಕಡತದ ಒಂದು ಬೈಟ್ ಕೂಡ ಬದಲಾಗಿರಲಿಲ್ಲ. ಬದಲಾದದ್ದು ಓದುವ ಕ್ರಮ ಮಾತ್ರ.

"ಯಾಕೆ ಮಿಸ್, ಎಲ್ಲರೂ ಒಂದೇ ಥರ ಬರೆಯಬಾರದಾ?" ಎಂದು ಒಬ್ಬಳು ಕೇಳಿದಳು. ನಾನು ಉತ್ತರಿಸುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ಮನೆಮಾತು ಉರ್ದು. ನಾನು ಬಂದ ಮೂರು ವಾರಗಳಲ್ಲಿ ಹಾಜರಿ ಕೂಗಿದಾಗ ಬಿಟ್ಟು ಬೇರೆ ಮಾತನ್ನು ಅವನ ಬಾಯಿಂದ ಕೇಳಿರಲಿಲ್ಲ. "ನಮ್ಮ ಮನೇಲಿ 25ಕ್ಕೆ ಪಚ್ಚೀಸ್ ಅಂತಾರೆ ಮಿಸ್. ಅದರಲ್ಲಿ ಐದು ಮೊದಲು ಬರುತ್ತೆ. ಕನ್ನಡದಲ್ಲಿ ಇಪ್ಪತ್ತೈದು, ಇಪ್ಪತ್ತು ಮೊದಲು. ಬರೆಯೋದು ಮಾತ್ರ ಎರಡರಲ್ಲೂ 25." ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಎಲ್ಲರೂ ಬೆರಳು ಮಡಚಿ ಇಕ್ಕೀಸ್, ಬಾಯೀಸ್ ಎಂದು ಪರೀಕ್ಷಿಸತೊಡಗಿದರು.

ನಾನು ಸಿದ್ಧಮಾಡಿಕೊಂಡಿದ್ದ ವಿವರಣೆ ಬೇರೆಯದು. 1980ರಲ್ಲಿ ಡ್ಯಾನಿ ಕೊಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿ ಈ ಎರಡು ಕ್ರಮಗಳಿಗೆ 'ಬಿಗ್ ಎಂಡಿಯನ್', 'ಲಿಟಲ್ ಎಂಡಿಯನ್' ಎಂಬ ಹೆಸರುಗಳನ್ನು ಕೊಟ್ಟ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಎಂದು ಜಗಳವಾಡುವ ಜನರ ಕಥೆ 1726ರಲ್ಲಿ ಪ್ರಕಟವಾದ ಜೊನಾಥನ್ ಸ್ವಿಫ್ಟ್‌ನ 'ಗಲಿವರನ ಪ್ರಯಾಣಗಳು' ಕೃತಿಯಲ್ಲಿದೆ; ಹೆಸರುಗಳು ಅಲ್ಲಿಂದ ಬಂದವು. ಇದನ್ನು ಹೇಳಿದೆ, ಮಕ್ಕಳು ನಕ್ಕರು. ಆದರೆ ವಿಷಯ ಅರ್ಥವಾದದ್ದು ಪಚ್ಚೀಸ್‌ನಿಂದ. ನಮ್ಮ ಹಳೆಯ ಶಾಸನಗಳಲ್ಲಿ ಶಕವರ್ಷವನ್ನು ಭೂತಸಂಖ್ಯೆಯ ಪದಗಳಲ್ಲಿ ಹೇಳುವಾಗಲೂ ಬಿಡಿಸ್ಥಾನದಿಂದಲೇ ಆರಂಭಿಸುವ ಪದ್ಧತಿ ಇತ್ತೆಂದು ಮಾರ್ಗದರ್ಶಕ ಶಿಕ್ಷಕರು ಕುಳಿತಲ್ಲಿಂದಲೇ ಸೇರಿಸಿದರು. ಎರಡು ಕ್ರಮಗಳಲ್ಲಿ ಒಂದು ಸರಿ, ಒಂದು ತಪ್ಪು ಎಂದಲ್ಲ. ಬರೆದವರು ಯಾವ ಕ್ರಮ ಹಿಡಿದರೋ ಓದುವವರೂ ಅದನ್ನೇ ಹಿಡಿಯಬೇಕು, ಅಷ್ಟೆ. ನಮ್ಮ ಪ್ರಯೋಗಾಲಯದ ಯಂತ್ರಗಳ ಪ್ರೊಸೆಸರ್ ಚಿಕ್ಕ ಸ್ಥಾನದ ಬೈಟನ್ನು ಮೊದಲು ಇಡುತ್ತದೆ. ಈ ಕಡತ ದೊಡ್ಡದನ್ನು ಮೊದಲು ಇಟ್ಟಿದೆ. ಆದ್ದರಿಂದಲೇ ಚಿಹ್ನೆ ಕೊಡುವುದು ಅಗತ್ಯ.

ಪಾಠಯೋಜನೆಯ ನಮೂನೆಯಲ್ಲಿ 'ಪೂರ್ವಜ್ಞಾನ'ಕ್ಕೆ ಎರಡು ಸಾಲಿನ ಜಾಗವಿದೆ. ಹಿಂದಿನ ತರಗತಿಯ ಪಾಠದ ಹೆಸರನ್ನು ಅಲ್ಲಿ ಬರೆಯುವುದು ರೂಢಿ. ಮಗು ಮನೆಯಲ್ಲಿ ಎಣಿಸುವ ಭಾಷೆಯೂ ಪೂರ್ವಜ್ಞಾನವೇ ಎಂಬುದು ಆ ದಿನ ನನಗೆ ಸ್ಪಷ್ಟವಾಯಿತು. ಅದರ ಮುಂದಿನ ನನ್ನ ಎಲ್ಲ ಯೋಜನೆಗಳಲ್ಲಿ ಆ ಎರಡು ಸಾಲುಗಳ ಕೆಳಗೆ ತರಗತಿಯ ಮನೆಮಾತುಗಳನ್ನೂ ಬರೆಯುತ್ತಿದ್ದೇನೆ.

ಮೂರನೇ ಅವಧಿ: ಇಲ್ಲದ್ದನ್ನು ಹೇಗೆ ಬರೆಯುವುದು?

ಮೂರನೇ ದಿನ ಪರಿವರ್ತನೆ. ಇಡೀ ಕಡತವನ್ನು ಓದಿ, ಯಾರು ಬೇಕಾದರೂ ತೆರೆಯಬಹುದಾದ ಸಿಎಸ್‌ವಿ ಪಠ್ಯವಾಗಿ ಬರೆಯುವ ಕೆಲಸ. ಎರಡು ಬೈಟ್‌ಗಳಲ್ಲಿದ್ದ ಎತ್ತರ ಈಗ ಮೂರೋ ನಾಲ್ಕೋ ಅಂಕಿ ಮತ್ತು ಒಂದು ಅಲ್ಪವಿರಾಮ; ಕಡತ ಸುಮಾರು ಎರಡು ಪಟ್ಟು ಹಿಗ್ಗಿತು. ಮನುಷ್ಯರು ಓದುವಂತಾಗಲು ಕೊಟ್ಟ ಬೆಲೆ ಅದು.

ಒಂದು ಗುಂಪು ಸಾಲಿಗೊಂದು ಸಂಖ್ಯೆಯಂತೆ ಬರೆಸಿ ಎಕ್ಸೆಲ್‌ನಲ್ಲಿ ತೆರೆಯಿತು. ಎಲ್ಲವೂ ತುಂಬಲಿಲ್ಲ ಎಂಬ ಎಚ್ಚರಿಕೆ ಮೂಡಿತು, ಅಭ್ಯಾಸಬಲದಿಂದ 'ಸರಿ' ಒತ್ತಿದರು. ಎಕ್ಸೆಲ್ ಹಾಳೆಯಲ್ಲಿರುವುದು 10,48,576 ಸಾಲು, ನಮ್ಮಲ್ಲಿದ್ದದ್ದು 14,42,401. ಹಾಳೆಯಲ್ಲಿ ಹಿಡಿಯದೆ ಉಳಿದ 3,93,825 ಬಿಂದುಗಳು ಯಾವ ಊರಿನವು ಎಂದು ಕೇಳಿದೆ. 10,48,576ನ್ನು 1201ರಿಂದ ಭಾಗಿಸಿದರೆ ಸುಮಾರು 873 ಸಾಲು. 14 ಡಿಗ್ರಿಯಿಂದ ಅಷ್ಟು ಹೆಜ್ಜೆ ಕೆಳಗಿಳಿದರೆ 13.27. ಅದರ ದಕ್ಷಿಣಕ್ಕಿದ್ದದ್ದೆಲ್ಲ ಇಲ್ಲ. ಚಿಕ್ಕಮಗಳೂರು ಪಟ್ಟಣ ಉಳಿದಿತ್ತು. ಕಳಸ, ಕುದುರೆಮುಖ, ಮೂಡಿಗೆರೆ ಮಾಯವಾಗಿದ್ದವು. "ನಾವೇ ಇಲ್ಲ" ಎಂದು ಮಕ್ಕಳು ಬಿದ್ದುಬಿದ್ದು ನಕ್ಕರು. ಸಾಲಿಗೆ 1201ರಂತೆ ಬರೆಸಿದ ಗುಂಪುಗಳಿಗೆ ಈ ತೊಂದರೆ ಬರಲಿಲ್ಲ.

ನಿಜವಾದ ಚರ್ಚೆ ಎದ್ದದ್ದು ಇನ್ನೊಂದು ಗುಂಪಿನಲ್ಲಿ. ಪ್ರತಿ ಗುಂಪೂ ತಮಗೆ ಪರಿಚಿತವಾದ ಜಾಗದ ಅಕ್ಕಪಕ್ಕದ ಹತ್ತು ಬಿಂದುಗಳನ್ನು ಆರಿಸಿ ಸರಾಸರಿ ಎತ್ತರ ಕಂಡುಹಿಡಿಯಬೇಕಿತ್ತು. ಕೊಟ್ಟಿಗೆಹಾರದ ಕಡೆಯಿಂದ ಬರುವ ಹುಡುಗಿಯ ಗುಂಪು ಘಾಟಿ ಅಂಚಿನ ಹತ್ತು ಬಿಂದುಗಳನ್ನು ತೆಗೆದುಕೊಂಡಿತು. ಬಂದ ಸರಾಸರಿ ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಮೀಟರಿಗೂ ಕೆಳಗೆ. ಗುಂಪಿನ ಉಳಿದವರು ಅದನ್ನು ಪುಸ್ತಕಕ್ಕೆ ಬರೆದುಕೊಂಡಾಗಿತ್ತು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತಲ್ಲ. ಆ ಹುಡುಗಿ ಬರೆಯಲಿಲ್ಲ. "ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋದ್ರೆ ಸೆಕೆ ಆಗುತ್ತೆ ಮಿಸ್. ಬಸ್ಸು ಇಳೀತಾನೇ ಹೋಗುತ್ತೆ. ನಮ್ಮೂರಲ್ಲಿ ಚಳಿ. ನಮ್ಮೂರು ಅದಕ್ಕಿಂತ ಕೆಳಗೆ ಹೇಗಾಗುತ್ತೆ?"

ಹತ್ತು ಸಂಖ್ಯೆಗಳನ್ನು ಒಂದೊಂದಾಗಿ ನೋಡಿದೆವು. ಒಂಬತ್ತು ಸರಿಯಾಗಿದ್ದವು, ಒಂದು −32,768. ರಾಡಾರ್ ಕಿರಣ ಕಡಿದಾದ ಇಳಿಜಾರಿನ ನೆರಳಿಗೆ ತಲುಪದೆ ಅಳತೆ ಸಿಗದ ಕಡೆ, ಮೂಲ ದತ್ತಾಂಶದಲ್ಲಿ ಈ ಸಂಖ್ಯೆಯನ್ನು ಇಟ್ಟಿದ್ದಾರೆ. ಎರಡು ಬೈಟ್‌ಗಳಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು. ಯಾವ ನೆಲದ ಎತ್ತರವೂ ಆಗಲು ಸಾಧ್ಯವಿಲ್ಲವೆಂದೇ ಅದನ್ನು ಆರಿಸಿದ್ದಾರೆ. ಇಂಥ ರಂಧ್ರಗಳನ್ನು ತುಂಬಿದ ಪರಿಷ್ಕೃತ ಆವೃತ್ತಿಯೂ ಸಿಗುತ್ತದೆ. ನಾನು ತುಂಬದ ಆವೃತ್ತಿಯನ್ನೇ ಆರಿಸಿದ್ದೆ, ಅದನ್ನು ಬೇರ್ಪಡಿಸುವ ಸಾಲನ್ನು ಸ್ಕ್ರಿಪ್ಟ್‌ನಲ್ಲಿ ಬೇಕೆಂದೇ ಬರೆದಿರಲಿಲ್ಲ.

ಈಗ ಆ ಜಾಗದಲ್ಲಿ ಏನು ಬರೆಯೋಣ? ಸೊನ್ನೆ ಎಂದರು ಕೆಲವರು. ಒಂಬತ್ತು ಬಿಂದುಗಳು 1,000 ಮೀಟರ್ ಇದ್ದು ಹತ್ತನೆಯದು ಸೊನ್ನೆಯಾದರೆ ಸರಾಸರಿ 900. ನಂಬುವ ಹಾಗಿದೆ, ಆದರೆ ಸುಳ್ಳು. −32,768 ಹಾಗೇ ಇದ್ದರೆ −2,376.8, ಸುಳ್ಳು, ಆದರೆ ಯಾರೂ ನಂಬುವುದಿಲ್ಲ. ಅಕ್ಕಪಕ್ಕದ ಸಂಖ್ಯೆಗಳ ಸರಾಸರಿ ಹಾಕೋಣ ಎಂದರು ಇನ್ನು ಕೆಲವರು. ಹಾಕಬಹುದು, ಆದರೆ ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಮುಂದೆ ಓದುವವರಿಗೆ ಹೇಗೆ ತಿಳಿಯಬೇಕು? ಆಗ ಅದೇ ಹುಡುಗಿ ಕೇಳಿದಳು: "ಪರೀಕ್ಷೆಗೆ ಬರದೇ ಇದ್ದವರಿಗೆ ಸೊನ್ನೆ ಹಾಕ್ತೀರಾ ಮಿಸ್? 'ಗೈ' ಅಂತ ತಾನೇ ಬರೆಯೋದು?" ನಮ್ಮ ಅಂಕಪಟ್ಟಿಯಲ್ಲಿ ಗೈರುಹಾಜರಿಗೂ ಸೊನ್ನೆಗೂ ಇರುವ ವ್ಯತ್ಯಾಸವನ್ನು ಅವಳು ಬೆಟ್ಟಕ್ಕೆ ಅನ್ವಯಿಸಿದ್ದಳು. ಆ ಕೋಶವನ್ನು ಖಾಲಿ ಬಿಡುವುದು, ಒಂಬತ್ತರಿಂದಲೇ ಭಾಗಿಸುವುದು ಎಂದು ತರಗತಿ ತೀರ್ಮಾನಿಸಿತು.

ಹಿಂದಿನ ದಿನದ ಪಾಠವನ್ನು ಇಲ್ಲಿ ಒಮ್ಮೆ ಜೋಡಿಸಿದೆ. −32,768ರ ಎರಡು ಬೈಟ್‌ಗಳು 128 ಮತ್ತು 0. ಅದಲುಬದಲಾಗಿ ಓದಿದರೆ 0 ಮತ್ತು 128, ಅಂದರೆ 128 ಮೀಟರ್. ಅಳತೆಯೇ ಇಲ್ಲದ ಜಾಗ ಒಂದು ಸಭ್ಯವಾದ ಎತ್ತರದ ವೇಷ ತೊಟ್ಟು ಬರುತ್ತದೆ. ಮುಳ್ಳಯ್ಯನಗಿರಿ ಪಾತಾಳಕ್ಕಿಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. 128 ಮೀಟರನ್ನು ಯಾರೂ ಪ್ರಶ್ನಿಸುವುದಿಲ್ಲ. ಇದನ್ನು ಹೇಳಿದಾಗ ತರಗತಿಯಲ್ಲಿ ನಗು ಇರಲಿಲ್ಲ.

ಮಾರ್ಗದರ್ಶಕ ಶಿಕ್ಷಕರ ಪ್ರಶ್ನೆಗೆ ನನ್ನ ಉತ್ತರ ಈ ಮೂರು ಅವಧಿಗಳ ಕೊನೆಯಲ್ಲಿ ಸಿಕ್ಕಿತು. ಪರಿವರ್ತಿಸಿದ ಕೋಷ್ಟಕವನ್ನಷ್ಟೇ ನೋಡಿದ ಮಗುವಿಗೆ ಅದನ್ನು ಸಂಶಯಿಸಲು ದಾರಿ ಇರುವುದಿಲ್ಲ. ಎಷ್ಟು ಬೈಟ್, ಯಾವ ಕ್ರಮ, ಋಣ ಸಂಖ್ಯೆ ಇದೆಯೇ, ಇಲ್ಲದ್ದಕ್ಕೆ ಏನು ಗುರುತು ಎಂಬ ನಾಲ್ಕು ತೀರ್ಮಾನಗಳನ್ನು ಯಾರೋ ಮಾಡಿದ ಮೇಲೆ ಕೋಷ್ಟಕ ಹುಟ್ಟುತ್ತದೆ. ಅವನ್ನು ಒಮ್ಮೆ ತಾನೇ ಮಾಡಿದ ಮಗುವಿಗೆ, ಬಸ್ಸಿನಲ್ಲಿ ಘಾಟಿ ಇಳಿದ ತನ್ನ ಅನುಭವವನ್ನು ಯಂತ್ರದ ಉತ್ತರದ ಎದುರು ನಿಲ್ಲಿಸುವ ಧೈರ್ಯ ಬರುತ್ತದೆ. ಇದು ಪರೀಕ್ಷೆಗೆ ಬರುವುದಿಲ್ಲ ಎಂಬುದೂ ನಿಜ. ಆರು ಜನರ ಗುಂಪಿನಲ್ಲಿ ಕೀಲಿಮಣೆ ಮುಟ್ಟಲು ಸಿಕ್ಕಿದ್ದು ಇಬ್ಬರು ಮೂವರಿಗೆ ಎಂಬುದೂ ನಿಜ. ಸರ್ ಇದನ್ನು ವೀಕ್ಷಣಾ ನಮೂನೆಯಲ್ಲಿ ಬರೆದರು. ಅದರ ಕೆಳಗೆ, ಗುಣಾಕಾರ, ಸ್ಥಾನಬೆಲೆ, ಋಣ ಸಂಖ್ಯೆ, ಸರಾಸರಿ ನಾಲ್ಕೂ ಪುನರಾವರ್ತನೆಯಾದವು ಎಂದೂ ಬರೆದರು.

ಈ ಪಾಠವನ್ನು ಮಾಡಬಯಸುವ ಸಹಪಾಠಿಗಳಿಗೆ ಎರಡು ಮಾತು. ಕಂಪ್ಯೂಟರ್ ಇಲ್ಲದ ಶಾಲೆಯಲ್ಲಿ ಮೊದಲ ಎರಡು ಅವಧಿಗಳನ್ನು ಚೀಟಿಗಳಿಂದ ಮಾಡಬಹುದು: ಒಂದೊಂದು ಚೀಟಿಯಲ್ಲಿ 0ಯಿಂದ 255ರೊಳಗಿನ ಎರಡು ಸಂಖ್ಯೆ, ಅದನ್ನು ಎರಡು ಕ್ರಮಗಳಲ್ಲೂ ಓದಿ ಊರು ಗುರುತಿಸುವ ಆಟ. ಮತ್ತು ನಿಮ್ಮ ಶಾಲೆ ಇರುವ ಚೌಕದ ಕಡತವನ್ನೇ ಆರಿಸಿಕೊಳ್ಳಿ. ದೂರದ ಹಿಮಾಲಯದ ಸಂಖ್ಯೆ ತಪ್ಪಿದರೆ ನಮ್ಮ ಮಕ್ಕಳಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಮೌಲ್ಯಮಾಪನಕ್ಕೆ ನಾನು ಪ್ರಶ್ನೆಪತ್ರಿಕೆ ಕೊಡಲಿಲ್ಲ. ಮುಂದಿನ ವರ್ಷ ಈ ಕಡತ ತೆರೆಯುವವರಿಗೆ ಒಂದು ಟಿಪ್ಪಣಿ ಬರೆಯಿರಿ ಎಂದೆ. ಆರೂ ಗುಂಪುಗಳ ಟಿಪ್ಪಣಿಗಳನ್ನು ಸೇರಿಸಿ ಮಕ್ಕಳೇ ಒಂದು ಮಾಡಿದರು. ಅದು ಈಗ ಶಾಲೆಯ ಕಂಪ್ಯೂಟರಿನಲ್ಲಿ ಕಡತದ ಪಕ್ಕದಲ್ಲೇ ಇದೆ: "ಒಂದು ಎತ್ತರಕ್ಕೆ ಎರಡು ಬೈಟ್. ದೊಡ್ಡ ಸ್ಥಾನ ಮೊದಲು, ಇಪ್ಪತ್ತೈದರ ಹಾಗೆ, ಪಚ್ಚೀಸ್ ಹಾಗಲ್ಲ. ಮೊದಲ ಸಂಖ್ಯೆ ವಾಯವ್ಯ ಮೂಲೆಯದು. ಸಾಲಿಗೆ 1201. −32,768 ಬಂದರೆ ಗೈರುಹಾಜರಿ, ಲೆಕ್ಕಕ್ಕೆ ಸೇರಿಸಬೇಡಿ. ಉತ್ತರ ಬಂದ ಮೇಲೆ ನಿಮ್ಮೂರಿನದು ಸರಿಯಿದೆಯಾ ನೋಡಿ."